ಟಿಕ್ ಹಾಕದೆ ಬಿಟ್ಟ ಪ್ಯಾರಾ

ಈ ವರ್ಷ ಫೆಬ್ರವರಿಯ ಎರಡನೇ ಗುರುವಾರ, ಪೀಣ್ಯದ ಒಂದು ಶೆಡ್ಡಿನಲ್ಲಿ, ನೀರುಗಂಟಿಯ ವೇಷ ಹಾಕಿದ್ದ ನಟನೊಬ್ಬ ಕೆರೆಯ ತೂಬಿನಿಂದ ಮರದ ಗೂಟ ಕಿತ್ತು ತನ್ನ ದೊರೆಯ ಸೈನ್ಯವನ್ನು ಮುಳುಗಿಸಿದ. ಚಿತ್ರೀಕರಣ ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ನೀರು ಟ್ಯಾಂಕರಿನದು. ಸೈನ್ಯದಲ್ಲಿ ಹದಿನೆಂಟು ಜನರಿದ್ದರು. ಉಳಿದವರನ್ನು ಕಂಪ್ಯೂಟರಿನಲ್ಲಿ ಸೇರಿಸಿಕೊಳ್ಳುತ್ತೇವೆ ಎಂದರು ಧಾರಾವಾಹಿಯವರು.

ಆ ಶೆಡ್ಡಿನಲ್ಲಿ ಮೊದಲು ಪೈಪಿನ ವಾಲ್ವ್ ತಯಾರಾಗುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಧಾರಾವಾಹಿ ತಂಡ ಅದನ್ನು ಬಾಡಿಗೆಗೆ ಹಿಡಿದು ಒಳಗೆ ಪ್ಲೈವುಡ್ಡಿನ ಆಸ್ಥಾನ ಕಟ್ಟಿತ್ತು. ಸಿಂಹಾಸನದ ನೆತ್ತಿಯ ಮೇಲೆ ಹಳೆಯ ಕ್ರೇನಿನ ಕಂಬಿ ಹಾಗೇ ಇತ್ತು. ಅದಕ್ಕೆ ತೂಗುದೀಪ ಕಟ್ಟಿದ್ದರು.

ಧಾರಾವಾಹಿ ಒಬ್ಬ ಪಾಳೇಗಾರನ ಮನೆತನದ ಕಥೆ. ಪಾಳೇಗಾರ ಕಲ್ಪಿತ, ಅವನ ಇಬ್ಬರು ರಾಣಿಯರು ಕಲ್ಪಿತ, ಯುದ್ಧವೂ ಕಲ್ಪಿತ. ಕಾಲ ಮತ್ತು ಸೀಮೆ ಮಾತ್ರ ನಿಜ: ಸುಮಾರು ಮುನ್ನೂರು ವರ್ಷದ ಹಿಂದೆ, ಬೆಂಗಳೂರಿನ ಪೂರ್ವಕ್ಕೆ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಸುದ್ದಿ ತಿದ್ದಿ ಹೊರಬಂದಿದ್ದ ನನ್ನನ್ನು ವಿವರ ಪರಿಶೀಲನೆಗೆ ಕರೆದಿದ್ದರು. ಮೊದಲ ದಿನವೇ ಸಂಭಾಷಣೆ ಬರೆಯುವವರು ಕೆಲಸದ ಗಡಿ ಹೇಳಿಬಿಟ್ಟರು: "ಕಥೆ ನಮ್ದು ಮೇಡಂ. ಪಾತ್ರೆ, ಪಗಡಿ, ಕತ್ತಿ ನಿಮ್ದು."

ರಾಣಿಯ ಅಡುಗೆಮನೆಯಿಂದ ಟೊಮೆಟೊ ತೆಗೆಸಿದೆ. ಮಂತ್ರಿಯ ಎದುರಿಗಿದ್ದ ಸ್ಟೀಲಿನ ಲೋಟ ತೆಗೆಸಿದೆ.

"ಹಿಂಗೇ ತೆಗೀತಾ ಹೋದ್ರೆ ರಾಣಿ ಮುದ್ದೆ ತಿನ್ಬೇಕಾಗುತ್ತೆ ಮೇಡಂ."

"ತಿಂದಿರ್ಬಹುದು."

"ರಾಣಿ ಮುದ್ದೆ ನುಂಗೋದನ್ನ ತೋರ್ಸಿದ್ರೆ ಜನ ರಿಮೋಟ್ ಎತ್ಕೋತಾರೆ. ಅವ್ರ ಮನೇಲಿ ಅದೇ ಇರುತ್ತಲ್ಲ."

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅವರ ಕೆಲಸ ಅವರಿಗೆ ಗೊತ್ತಿತ್ತು.

ನನ್ನ ಕೆಲಸದ ರೀತಿ ಡೆಸ್ಕಿನಿಂದ ಬಂದದ್ದು. ವರದಿಯ ಪ್ರತಿಯನ್ನು ಕಾಗದದ ಮೇಲೆ ತೆಗೆದುಕೊಂಡು, ಖಚಿತವಾದ ಪ್ರತಿ ಸಂಗತಿಯ ಮೇಲೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತೇನೆ. ಹೆಸರಿಗೆ ಒಂದು, ಊರಿಗೆ ಒಂದು, ಹುದ್ದೆಗೆ ಒಂದು. ಟಿಕ್ ಇಲ್ಲದ ಸಾಲು ಅಚ್ಚಿಗೆ ಹೋಗುವುದಿಲ್ಲ. ಅದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಬಿಟ್ಟರೆ ಸಾಕು, ಪುಟ ಕಟ್ಟುವವರು ಆ ಸಾಲನ್ನು ತಾವೇ ಕಿತ್ತುಹಾಕುತ್ತಾರೆ.

ಕೆರೆಯ ದೃಶ್ಯದ ಮೊದಲ ಕರಡಿನಲ್ಲಿ ಚಕ್ರ ತಿರುಗಿಸುವ ಕಬ್ಬಿಣದ ಗೇಟ್ ಇತ್ತು. ಚರ್ಮದ ಪಟ್ಟಿ ಕಟ್ಟಿದ ಕಾವಲುಗಾರ ಅದನ್ನು ತೆರೆಯುತ್ತಿದ್ದ. ಆ ಕಾಲದಲ್ಲಿ ಇಲ್ಲಿನ ಕೆರೆಗಳಿಗೆ ಅಂಥ ಗೇಟ್ ಇರಲಿಲ್ಲ. ಏರಿಯ ಬುಡದಲ್ಲಿ ಕಲ್ಲಿನ ತೂಬು, ಅದರ ಬಾಯಿಗೆ ಮರದ ಗೂಟ. ಅದನ್ನು ನೋಡಿಕೊಳ್ಳುವವನು ನೀರುಗಂಟಿ. ಇದನ್ನು ನಾನು ಪುಸ್ತಕದಲ್ಲಿ ಹುಡುಕಬೇಕಾಗಿರಲಿಲ್ಲ. ಕುಂದಲಹಳ್ಳಿಯಲ್ಲಿ ನಾನು ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಮನೆಯ ಒಡತಿಯ ತವರು ನೀರುಗಂಟಿಯ ಮನೆ. ನಾನು ಅಕ್ಕ ಎಂದು ಕರೆಯುವ ಆ ಒಡತಿಯ ಯಜಮಾನರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಕ್ಕನ ಅಣ್ಣ ವರ್ತೂರಿನಾಚೆಯ ಒಂದು ಹಳ್ಳಿಯಲ್ಲಿ ಈಗಲೂ ನೀರುಗಂಟಿ.

ಅವರ ಕೆರೆಯ ಕೆಳಗೆ ಈಗ ಗದ್ದೆಯಿಲ್ಲ. ಸೊಪ್ಪು ಬೆಳೆಯುವ ನಾಲ್ಕು ತುಂಡು ನೆಲ, ಆಮೇಲೆ ಅಪಾರ್ಟ್‌ಮೆಂಟಿನ ಕಾಂಪೌಂಡು. ಆದರೂ ಪ್ರತಿ ಬೇಸಿಗೆಯಲ್ಲಿ ಅಣ್ಣ ಗೂಟ ಬಿಚ್ಚಿ ತಂದು, ಹರಳೆಣ್ಣೆ ಸವರಿ, ತುದಿಗೆ ಕಂಬಳಿ ಚೂರು ಸುತ್ತಿ, ದೇವರ ಗೂಡಿನಲ್ಲಿ ಇಡುತ್ತಾರೆ. ಮುಂಗಾರಿಗೆ ಮುಂಚೆ ಅದನ್ನು ತೂಬಿಗೆ ಬಡಿಯುತ್ತಾರೆ. ಕೆರೆ ಕೋಡಿ ಬಿದ್ದ ದಿನ ಕರಿಕಂಬಳಿಯನ್ನು ಎಡ ಹೆಗಲ ಮೇಲೆ ಗಂಟು ಹಾಕಿಕೊಂಡು, ಮೂರು ಹಿತ್ತಾಳೆ ಬಳೆಯ ಕೋಲು ಹಿಡಿದು ಅವರು ಏರಿಯ ಮೇಲೆ ಮುಂದೆ ನಡೆಯುತ್ತಾರೆ, ಊರು ಹಿಂದೆ ಬರುತ್ತದೆ. ಮೊದಲ ಬಾಗಿನ ಬಿಡುವವರು ಅವರೇ. ಉಳಿದ ದಿನಗಳಲ್ಲಿ ಊರ ಸಭೆಯಲ್ಲಿ ಅವರಿಗೆ ಯಾರೂ ಕುರ್ಚಿ ಹಾಕಿದ್ದನ್ನು ನಾನು ನೋಡಿಲ್ಲ.

ಅಕ್ಕನ ಜೊತೆ ಅವರ ಮನೆಗೆ ಹೋದಾಗ ಕಂಡ ಇದನ್ನೆಲ್ಲ ಬರೆದುಕೊಟ್ಟೆ. ಗೂಟ, ಹರಳೆಣ್ಣೆ, ಎಡ ಹೆಗಲ ಗಂಟು, ಕೋಲಿನ ಮೂರು ಬಳೆ. ತಿದ್ದಿದ ಪುಟ ಬಂದಾಗ ಒಂಬತ್ತು ಟಿಕ್ ಹಾಕಿದೆ. ನೀರುಗಂಟಿ ಶತ್ರುವಿನ ಚಿನ್ನಕ್ಕೆ ಆಸೆಪಟ್ಟು ಗೂಟ ಕಿತ್ತ ಎಂಬ ಪ್ಯಾರಾಕ್ಕೆ ಹಾಕಲಿಲ್ಲ. ಅದಕ್ಕೆ ಆಧಾರವಿರಲಿಲ್ಲ. ಕಾಗದವನ್ನು ಟ್ರೇಯಲ್ಲಿಟ್ಟು ಮೆಟ್ರೋ ಹಿಡಿದು ಮನೆಗೆ ಬಂದೆ.

ಧಾರಾವಾಹಿಯ ಕಚೇರಿಯಲ್ಲಿ ಒಂಬತ್ತು ಟಿಕ್ ಇರುವ ಪುಟ ಎಂದರೆ ಒಪ್ಪಿಗೆಯಾದ ಪುಟ. ಖಾಲಿ ಬಿಟ್ಟದ್ದಕ್ಕೆ ಅಲ್ಲಿ ಅರ್ಥವಿರಲಿಲ್ಲ.

ಆ ಕಂತು ಮಾರ್ಚಿನಲ್ಲಿ ಪ್ರಸಾರವಾಯಿತು. ಸಂಜೆ ಏಳೂವರೆಗೆ ಮೇಲಿನಿಂದ ಅಕ್ಕ ಕೂಗಿದರು. "ಪೇಪರ್ ಮೇಡಂ, ಓಡ್ಬನ್ನಿ! ನಮ್ಮಣ್ಣ ಟಿವೀಲಿ ಬಂದವ್ನೆ!"

ನಾನು ಹೋಗುವ ಹೊತ್ತಿಗೆ ಅವರು ಯಜಮಾನರ ತೊಡೆ ತಟ್ಟಿ ನಗುತ್ತಿದ್ದರು. "ನೋಡ್ರೀ, ಗಂಟೂ ಎಡಕ್ಕೇ ಹಾಕವ್ನೆ. ಕೋಲು ನೋಡ್ರೀ, ಒಂದು, ಎರಡು, ಮೂರು. ಇದೆಲ್ಲ ನೀವೇ ಹೇಳ್ಕೊಟ್ರಾ ಮೇಡಂ?"

ಹೌದು ಎಂದೆ.

ಪರದೆಯ ಮೇಲೆ ನೀರುಗಂಟಿ ಚಿನ್ನದ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡ. ಅಕ್ಕ ನಗು ನಿಲ್ಲಿಸಿದರು. ಅವನು ಗೂಟ ಕಿತ್ತ, ಸೈನಿಕರು ಕೊಚ್ಚಿಹೋದರು, ದೊರೆಯ ಮಗ ಸತ್ತ. ಕೊನೆಯಲ್ಲಿ ಹೆಸರುಗಳು ಓಡಿದವು. ಅದರಲ್ಲಿ ಐತಿಹಾಸಿಕ ವಿವರಗಳ ಪರಿಶೀಲನೆ ಎಂಬುದರ ಮುಂದೆ ನನ್ನ ಹೆಸರಿತ್ತು. ಅಕ್ಕನಿಗೆ ಓದಲು ಬರುತ್ತದೆ.

"ಟಿವಿ ಆರ್ಸ್ರೀ," ಎಂದರು ಯಜಮಾನರಿಗೆ.

ಒಂದು ವಾರದಲ್ಲಿ ಆ ತುಣುಕು ಊರಿನವರ ಮೊಬೈಲುಗಳಲ್ಲಿತ್ತು. ಮೊದಲು ಅದು ತಮಾಷೆಯಾಗಿಯೇ ಓಡಾಡಿತು. ಅಣ್ಣ ಟೀ ಅಂಗಡಿಗೆ ಹೋದರೆ ಬೆಂಚಿನ ಮೇಲಿನವರು, "ಏನ್ ಮಾವ, ಈ ಸಲ ಯಾರನ್ನ ಮುಳುಗಿಸ್ತೀಯ?" ಎನ್ನುತ್ತಿದ್ದರಂತೆ. "ಚಿನ್ನ ಎಲ್ಲಿ ಹೂತಿಟ್ಟಿದೀರ ಗುರು, ಅರ್ಧ ಕೊಡಿ." ಅವರೂ ನಕ್ಕು, "ಮೊದ್ಲು ನಿನ್ನೇ ಮುಳುಗಿಸ್ತೀನಿ ಬಾರೋ," ಎನ್ನುತ್ತಿದ್ದರಂತೆ. ಏಪ್ರಿಲಿನಲ್ಲಿ ಅವರು ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು ಎಂದು ಅಕ್ಕ ಹೇಳಿದರು. ಕೆರೆ ಸಮಿತಿಯ ಅಧ್ಯಕ್ಷರು ಬೆಂಚಿನ ಹತ್ತಿರವೇ ನಿಂತು, ಇಂಥ ಮನೆತನದವರ ಕೈಯಲ್ಲಿ ಮೊದಲ ಬಾಗಿನ ಯಾಕೆ ಎಂದಿದ್ದರು. ಅವರು ನಗುತ್ತಿರಲಿಲ್ಲ.

ನಾನು ಪೀಣ್ಯಕ್ಕೆ ಹೋದೆ. ಪತ್ರಿಕೆಯಲ್ಲಾದರೆ ಇಂಥದ್ದಕ್ಕೆ ತಿದ್ದುಪಡಿ ಇರುತ್ತದೆ. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಅದನ್ನೇ ಕೇಳಿದೆ.

"ತಿದ್ದುಪಡಿ ಎಲ್ಲಿ ಹಾಕ್ಲಿ ಮೇಡಂ?" ಎಂದರು ಸಂಭಾಷಣೆಯವರು. "ಜಾಹೀರಾತಿನ ಮಧ್ಯಾನಾ? ಶುರುವಲ್ಲೇ ಹಾಕ್ತೀವಲ್ಲ, ಎಲ್ಲ ಕಾಲ್ಪನಿಕ ಅಂತ."

"ಅದು ಎರಡು ಸೆಕೆಂಡ್ ಇರುತ್ತೆ."

"ನಿಮ್ಮ ಮೂಲೆಯ ನಾಲ್ಕು ಸಾಲನ್ನ ಎಷ್ಟು ಜನ ಓದ್ತಿದ್ರು?"

ಕೆರೆಯ ದೃಶ್ಯದ ಪುಟ ತೋರಿಸಿ ಎಂದೆ. ಫೈಲಿನಿಂದ ತೆಗೆದುಕೊಟ್ಟರು. ಒಂಬತ್ತು ಟಿಕ್, ಕೆಳಗೆ ಖಾಲಿ ಪ್ಯಾರಾ.

"ಇದಕ್ಕೆ ನಾನು ಟಿಕ್ ಹಾಕಿಲ್ಲ."

ಅವರು ಬಗ್ಗಿ ನೋಡಿದರು. "ಬೇಡ ಅಂತಾನೂ ಬರೆದಿಲ್ವಲ್ಲ ಮೇಡಂ. ಟೊಮೆಟೊಗೆ ಬರೆದಿದ್ರಿ. ಕೆಂಪಕ್ಷರದಲ್ಲಿ."

ಅದು ನಿಜ. ಟೊಮೆಟೊಗೆ ಬರೆದಿದ್ದೆ.

ಅವರು ಒಳ್ಳೆಯ ಮನಸ್ಸಿನಿಂದ ಒಂದು ದಾರಿ ಸೂಚಿಸಿದರು. ನೀರುಗಂಟಿಗೆ ಪಶ್ಚಾತ್ತಾಪವಾಗಿ ಕೆರೆಗೆ ಹಾರುವ ದೃಶ್ಯ ಬರೆಯುತ್ತೇನೆ, ಜನ ಅಳುತ್ತಾರೆ, ಮರೆಯುತ್ತಾರೆ ಎಂದರು. ಬೇಡ ಎಂದೆ. ಈ ಸಲ ಬರೆದೂ ಕೊಟ್ಟೆ.

ಕೆರೆ ಸಮಿತಿಯ ಸಭೆ ಮೇ ತಿಂಗಳಲ್ಲಿ ಊರಿನ ಶಾಲೆಯಲ್ಲಿ ನಡೆಯಿತು. ಸಮಿತಿಯಲ್ಲಿ ಊರಿನವರೂ ಅಪಾರ್ಟ್‌ಮೆಂಟಿನವರೂ ಇದ್ದಾರೆ. ಹಿಂದಿನ ವರ್ಷ ಇಬ್ಬರೂ ಸೇರಿ ಹೂಳು ತೆಗೆಸಿದ್ದರಿಂದ ಈ ಸಲ ಕೆರೆ ತುಂಬುವ ನಿರೀಕ್ಷೆಯಿತ್ತು. ಮೊದಲ ಬಾಗಿನ ಯಾರದು ಎಂಬುದು ಆ ದಿನದ ವಿಷಯ. ಅಕ್ಕ ನನ್ನನ್ನು ಕರೆದುಕೊಂಡು ಹೋದರು. "ನಿಮ್ಮ ಹೆಸ್ರು ತೋರ್ಸೇ ಅವ್ರು ಮಾತಾಡ್ತಿರೋದು. ನೀವೇ ಬಂದು ಇಲ್ಲ ಅನ್ಬಿಡಿ, ಮುಗೀತು," ಎಂದಿದ್ದರು.

ಅಣ್ಣ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದರು. ನಾನು ಎದ್ದು ಹೇಳಿದೆ: ಆ ಕಥೆ ಕಲ್ಪಿತ, ಅಂಥ ಯುದ್ಧ ನಡೆದಿಲ್ಲ, ಅಂಥ ದೊರೆ ಇರಲಿಲ್ಲ.

ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಸೌಮ್ಯವಾಗಿ ಕೇಳಿದರು. "ಮೇಡಂ, ಆ ಗೂಟ ನಿಜಾನಾ?"

"ನಿಜ."

"ಕಂಬಳಿ? ಕೋಲು?"

"ನಿಜ."

"ಅದೆಲ್ಲ ನಿಜ, ಇದೊಂದು ಮಾತ್ರ ಸುಳ್ಳು ಅಂತೀರಾ?"

"ಹೌದು."

ಹಿಂದಿನ ಬೆಂಚಿನಿಂದ ಯಾರೋ ಎಂದರು. "ಸಕ್ಕತ್ತಾಗೈತೆ. ಬೇಕಾದ್ದು ನಿಜ, ಬೇಡ್ದಿದ್ದು ಸುಳ್ಳು."

ಅಣ್ಣ ಅಲ್ಲಿಂದಲೇ ಮಾತಾಡಿದರು. "ಲೇ, ತೂಬಿನ ಬಾಯಿ ನೋಡಿದೀರೇನ್ರೋ? ಒಂದು ಬಿಂದಿಗೆ ತೂರಕ್ಕಿಲ್ಲ. ಅದ್ರಲ್ಲಿ ಬಂದ ನೀರಲ್ಲಿ ಎಮ್ಮೆ ಕರ ಮುಳುಗಾಕಿಲ್ಲ, ಸೈನ್ಯ ಎಂಗ್ಲಾ ಮುಳುಗ್ತದೆ?"

ಸಭೆಯಲ್ಲಿ ನಗು ಎದ್ದಿತು. ಅದು ಅಣ್ಣನ ಪರವಾದ ನಗು. ಅಷ್ಟರಲ್ಲಿ ಅಧ್ಯಕ್ಷರು ಮೇಜು ತಟ್ಟಿದರು. "ಆಗಿನ್ ಕಾಲದಲ್ಲಿ ದೊಡ್ಡದಿತ್ತೇನೋ. ಮೇಡಂ, ನೀವು ಓದಿದೋರು. ಇವ್ರ ಹಿಂದಿನೋರು ಯಾವತ್ತೂ ಅಂಥ ಕೆಲ್ಸ ಮಾಡಿಲ್ಲ ಅನ್ನೋದಕ್ಕೆ ದಾಖಲೆ ಇದೆಯಾ? ಇದ್ರೆ ಹೇಳಿ, ಇವತ್ತೇ ಮುಗಿಸೋಣ."

ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ನನ್ನ ಸೀರೆಯ ಸೆರಗು ಹಿಡಿದುಕೊಂಡಿದ್ದರು.

ಇದೆ ಎಂದು ಹೇಳಬಹುದಿತ್ತು. ಯಾರೂ ಹೋಗಿ ನೋಡುತ್ತಿರಲಿಲ್ಲ. ಆ ಕೆರೆಯ ಬಗ್ಗೆ ಇರುವುದು ಏರಿಯ ತುದಿಯ ಒಂದು ಸವೆದ ಕಲ್ಲು ಮಾತ್ರ. ಅದರಲ್ಲಿ ಓದಲು ಬರುವುದು ಸೂರ್ಯ, ಚಂದ್ರ ಮತ್ತು ಅರ್ಧ ಸಾಲು.

"ದಾಖಲೆ ಇಲ್ಲ," ಎಂದೆ. "ಮಾಡಿದ್ದಾರೆ ಅನ್ನೋದಕ್ಕೂ ಇಲ್ಲ, ಮಾಡಿಲ್ಲ ಅನ್ನೋದಕ್ಕೂ ಇಲ್ಲ."

ಎರಡನೇ ವಾಕ್ಯ ಮುಗಿಯುವ ಮೊದಲೇ ಬೆಂಚುಗಳಲ್ಲಿ ಗದ್ದಲ ಶುರುವಾಗಿತ್ತು. ಈ ವರ್ಷದ ಮಟ್ಟಿಗೆ ಬಾಗಿನವನ್ನು ಸಮಿತಿಯೇ ಬಿಡುವುದೆಂದು ತೀರ್ಮಾನವಾಯಿತು. ಯಾರ ಮನಸ್ಸಿಗೂ ನೋವಾಗಬಾರದು ಎಂದು ಕಾರ್ಯದರ್ಶಿ ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಂಡರು. ಅಣ್ಣ ತಮ್ಮ ಎಂದಿನ ಕೆಲಸ ಮಾಡಲಿ, ಮುಂಗಾರಿಗೆ ಗೂಟ ಬಡಿಯಲಿ ಎಂದರು.

ಹೊರಗೆ ಅಕ್ಕ ನನ್ನ ಮುಖ ನೋಡಲಿಲ್ಲ. "ಅಷ್ಟೊಂದು ಬರೆದುಕೊಟ್ರಿ ಅವ್ರಿಗೆ. ನಮಗೆ ಒಂದು ಮಾತು ಆಡೋಕಾಗ್ಲಿಲ್ವಾ?"

ಅಣ್ಣ ತಡೆದರು. "ಬುಡು. ಇಲ್ದಿದ್ದನ್ನ ಐತೆ ಅಂದಿದ್ರೆ ಆ ಟಿವಿಯೋರ್ಗೂ ಈಯಮ್ಮಂಗೂ ಏನ್ ವ್ಯತ್ಯಾಸ?" ಆಮೇಲೆ ನನಗೆ ಹೇಳಿದರು: "ಆದ್ರೆ ನೀನು ನಮ್ಮನೇಲಿ ಕುಂತು ಅದೆಲ್ಲ ನೋಡ್ಕಂಡಾಗ ಕೇಳ್ಬೇಕಾಗಿತ್ತು ಕಣಮ್ಮ, ಇದನ್ನ ಯಾರ್ಗಾದ್ರೂ ಯೋಳ್ಲಾ ಅಂತ."

ನಾನು ಕೇಳಿರಲಿಲ್ಲ. ಪೆನ್ಸಿಲ್ ಹಿಡಿದ ಇಷ್ಟು ವರ್ಷಗಳಲ್ಲಿ, ಸಂಗತಿ ಸರಿಯೇ ಎಂದು ಕೇಳಿದ್ದೇನೆ. ಅದು ಯಾರದು ಎಂದು ಕೇಳುವ ಅಭ್ಯಾಸ ಡೆಸ್ಕಿನಲ್ಲಿ ಇರಲಿಲ್ಲ.

ಜೂನಿನಲ್ಲಿ ಸಮಿತಿಯವರು ಎರಡು ಸಲ ಅವರ ಮನೆಗೆ ಹೋದರು. ಅಣ್ಣ ಅವರನ್ನು ಕೂರಿಸಿ ಕಾಫಿ ಕೊಟ್ಟರು. ಗೂಟ ಕೊಡಲಿಲ್ಲ. "ಕಳ್ಳನ ಮನೆ ಗೂಟ ನಿಮಗ್ಯಾಕೆ?" ಎಂದರಂತೆ. ಸಮಿತಿಯವರು ಒಬ್ಬ ಬಡಗಿಯಿಂದ ಹೊಸ ಗೂಟ ಮಾಡಿಸಿದರು. ಅದು ತೂಬಿನ ಬಾಯಿಗೆ ಕೂರಲಿಲ್ಲ. ಆ ಬಾಯಿಯ ಅಳತೆ ಎಲ್ಲೂ ಬರೆದಿರಲಿಲ್ಲ. ಸರಿಯಾದ ಅಳತೆ ಇರುವುದು ಹಳೆಯ ಗೂಟದಲ್ಲೇ.

ನಾನು ತಂಡದ ಕೆಲಸ ಬಿಟ್ಟೆ. ಕಳೆದ ಕಂತುಗಳಿಂದ ನನ್ನ ಹೆಸರು ತೆಗೆಯಲು ಪತ್ರ ಕೊಟ್ಟೆ. ಉತ್ತರ ಬಂದಿಲ್ಲ. ಆ ಕಂತು ಈಗಲೂ ಮೊಬೈಲಿನಲ್ಲಿ ಸಿಗುತ್ತದೆ.

ಅಕ್ಟೋಬರಿನ ಮೊದಲ ವಾರ ಮೂರು ದಿನ ಮಳೆ ಸುರಿದು ಕೆರೆ ಕೋಡಿ ಬಿತ್ತು. ಬಾಗಿನವನ್ನು ಸಮಿತಿಯ ಅಧ್ಯಕ್ಷರು ಬಿಟ್ಟರು. ಅಣ್ಣ ಆ ದಿನ ಕುಂದಲಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಗೂಟವಿಲ್ಲದ ತೂಬಿನ ಬಾಯಿಗೆ ಸಮಿತಿಯವರು ಮರಳಿನ ಮೂಟೆ ಒತ್ತಿದ್ದಾರೆ. ನಿನ್ನೆ ಬೆಳಿಗ್ಗೆ ನೋಡಿದಾಗ ಅದರ ಪಕ್ಕದಿಂದ ನೀರು ಸೋರುತ್ತಿತ್ತು, ಕೆರೆಯ ಮಟ್ಟ ಕೋಡಿಗಿಂತ ಎರಡು ಮೆಟ್ಟಿಲು ಕೆಳಗಿತ್ತು.