ಕೆಂಪು ಹೇಂಟೆಯ ಮೇವಿನ ಚೀಲ

ಶ್ರಾವಣಕ್ಕೆ ಮುಂಚಿನ ಕೊನೆಯ ಭಾನುವಾರ, ಬೆಳಗ್ಗೆ ಆರು ಗಂಟೆ. ಶ್ರೀನಗರದ ನಮ್ಮ ಮನೆಯ ತಾರಸಿಯಲ್ಲಿ ಹಾಜರಿದ್ದವರು ನಾನು, ನಮ್ಮ ಯಜಮಾನರು, ಕೆಳಗಿನ ಮನೆಯ ವಾರಗಿತ್ತಿ ಮತ್ತು ನಾಲ್ಕು ಹೇಂಟೆಗಳು. ವಾರಗಿತ್ತಿಯನ್ನು ಯಾರೂ ಕರೆದಿರಲಿಲ್ಲ.

ಹೇಂಟೆಗಳು ತಲಘಟ್ಟಪುರದ ನೆಂಟರ ಮನೆಯಿಂದ ರಟ್ಟಿನ ಡಬ್ಬದಲ್ಲಿ ಮರಿಗಳಾಗಿ ಬಂದವು. ಬಲ್ಬಿನ ಬಿಸಿಯಲ್ಲಿ ಬೆಳೆದು, ಪುಕ್ಕ ಬಲಿತು, ಈಗ ಇಂದೋ ನಾಳೆಯೋ ಮೊಟ್ಟೆ ಇಡುವ ಹಾಗಿದ್ದವು. ನಾನು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ರೌಂಡ್ಸ್ ಇಲ್ಲದ ಬೆಳಗು ನನಗೆ ಬೆಳಗಲ್ಲ. ನಿವೃತ್ತಿಯಾದ ಮೇಲೆ ಯಜಮಾನರನ್ನೇ ದಿನಾ ತಪಾಸಣೆ ಮಾಡಲು ಹೊರಟೆ, ಅವರು ಒಪ್ಪಲಿಲ್ಲ. ಕೋಳಿಗಳು ಒಪ್ಪಿದವು. ಮೇವು ಹಾಕುವ ಮೊದಲು ಒಂದೊಂದನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಕಣ್ಣು, ಮೂಗು, ಜುಟ್ಟಿನ ಬಣ್ಣ, ಹಿಂಭಾಗದ ಶುಚಿ ನೋಡಿ, ಕೊನೆಗೆ ಕತ್ತಿನ ಬುಡದ ಮೇವಿನ ಚೀಲ ಮುಟ್ಟುತ್ತೇನೆ. ಸಂಜೆ ತಿಂದದ್ದು ರಾತ್ರಿ ಕರಗಿ ಬೆಳಗ್ಗೆ ಅದು ಖಾಲಿ ಇರಬೇಕು.

ಕೆಂಪು ಹೇಂಟೆಯದು ಖಾಲಿ ಇರಲಿಲ್ಲ. ನಿಂಬೆಹಣ್ಣಿನಂಥ ಗಟ್ಟಿ ಗಂಟು. ರೆಕ್ಕೆ ಜೋತಿತ್ತು, ಕಣ್ಣು ಅರೆಮುಚ್ಚಿತ್ತು.

"ಹೋಗೋ ಜೀವ ಅಕ್ಕ ಅದು," ಎಂದಳು ವಾರಗಿತ್ತಿ. "ತಾನಾಗೇ ಸತ್ರೆ ಯಾರಿಗೂ ಇಲ್ಲ. ಈ ವಾರ ಶ್ರಾವಣ ಹತ್ತತ್ತೆ, ಆಮೇಲೆ ಒಂದು ತಿಂಗಳು ಬರೀ ಬೇಳೆ ಸಾರು. ಮಸಾಲೆ ರುಬ್ಲಾ?"

"ರುಬ್ಕೋ. ಆಲೂಗಡ್ಡೆ ಹಾಕ್ಕೊಂಡು ತಿನ್ನು."

"ಹನ್ನೊಂದು ಗಂಟೆವರೆಗೂ ಕಾಯ್ತೀನಿ."

"ಯಮನೂ ಇಷ್ಟು ಬೇಗ ಎದ್ದಿರಲ್ಲ ಕಣೇ."

ಕೊಕ್ಕು ತೆರೆಸಿ ನೋಡಿದೆ. ನಾಲಿಗೆಯ ಕೆಳಗೆ ದಾರದ ತುದಿ ಇಣುಕುತ್ತಿತ್ತು. ಯಜಮಾನರು ಎಳೆಯಲು ಬೆರಳು ಹಾಕಿದರು. ಕೈ ಮೇಲೆ ಹೊಡೆದೆ. ಒಳಗೆ ಏನಕ್ಕೆ ಸುತ್ತಿಕೊಂಡಿದೆಯೋ, ಎಳೆದರೆ ಗಂಟಲೇ ಕುಯ್ದೀತು.

"ದೇವರಿದಾನೆ ಬಿಡೇ," ಎಂದರು ಅವರು.

"ಇರ್ಲಿ. ನೀವು ಆಟೋ ಕರೀರಿ."

ಬನಶಂಕರಿಯ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನಾಯಿಗಳ ಸಾಲು. ಎಲ್ಲಕ್ಕೂ ನನಗಿಂತ ಚೆನ್ನಾಗಿ ತಲೆ ಬಾಚಿತ್ತು. ಪಕ್ಕದಲ್ಲಿದ್ದ ಹುಡುಗಿ ಹೇಂಟೆಯನ್ನು ಕೂರಿಸಿಕೊಂಡಿದ್ದ ನನ್ನ ಬಟ್ಟೆ ಚೀಲದೊಳಗೆ ಬಗ್ಗಿ ನೋಡಿದಳು.

"ಆಂಟಿ, ಇದು ಪೆಟ್ಟಾ?"

"ಸದ್ಯಕ್ಕೆ ಹೌದಮ್ಮ. ಹನ್ನೊಂದು ಗಂಟೆ ಮೇಲೆ ಸಾರು."

ಹುಡುಗಿ ಗಾಬರಿಯಾಗಿ ತನ್ನ ಸರದಿಯನ್ನೇ ನಮಗೆ ಬಿಟ್ಟುಕೊಟ್ಟಳು.

ಡಾಕ್ಟರು ಗಂಟು ಒತ್ತಿ ನೋಡಿದರು. "ಕುಯ್ದು ತೆಗೀಬೇಕು ಮೇಡಂ. ಸುಸ್ತಾಗಿದೆ. ಉಳಿಯತ್ತೆ ಅಂತ ಗ್ಯಾರಂಟಿ ಕೊಡಲ್ಲ."

"ಮನೇಲಿ ಗ್ಯಾರಂಟಿಯಾಗಿ ಕುಯ್ಯೋರಿದಾರೆ ಸಾರ್. ಅದಕ್ಕಿಂತ ನೀವೇ ವಾಸಿ."

ಇಂಜೆಕ್ಷನ್ ಕೊಟ್ಟು, ಚಿಕ್ಕದಾಗಿ ಸೀಳಿ, ಮೇವಿನ ಚೀಲದಿಂದ ಒಂದು ಉಂಡೆ ತೆಗೆದು ಹೊಲಿಗೆ ಹಾಕಿದರು. ಹೂವಿನ ಮಾಲೆಯ ದಾರ. ನಡುನಡುವೆ ಕೊಳೆತ ಸೇವಂತಿಗೆ ಎಸಳು. ಯಜಮಾನರು ಚಾವಣಿ ನೋಡತೊಡಗಿದರು.

"ಏನ್ರೀ ಇದು?"

"ದೇವರಿಗೆ ಮುಡಿಸಿದ ಹೂವು ಕಣೇ. ತುಳಿಯೋ ಜಾಗಕ್ಕೆ ಹಾಕ್ಬಾರ್ದು, ಕಸದ ಗಾಡಿಗೂ ಕೊಡ್ಬಾರ್ದು. ಕೋಳಿ ತಿಂದ್ರೆ ಪ್ರಸಾದ ಅಂತ..."

"ಮಾಲೆ ಸಮೇತಾನಾ?"

"ದಾರ ಬಿಡ್ತವೆ ಅನ್ಕೊಂಡೆ."

ನನ್ನ ರೌಂಡ್ಸ್ ಮುಗಿದು ನಾನು ಕಾಫಿಗೆ ಇಳಿದ ಮೇಲೆ, ಹಿಂದಿನ ದಿನದ ಮಾಲೆಗಳನ್ನು ದಿನವೂ ಗೂಡಿಗೆ ಹಾಕುತ್ತಿದ್ದರಂತೆ. ಪುಣ್ಯ ಅವರಿಗೆ, ಹೊಲಿಗೆ ಹೇಂಟೆಗೆ.

ಮನೆಗೆ ಬಂದಾಗ ವಾರಗಿತ್ತಿ ಗೇಟಿನಲ್ಲೇ ನಿಂತಿದ್ದಳು. ಚೀಲದೊಳಗೆ ಬಗ್ಗಿ ನೋಡಿ, "ಹೊಲಿಗೆ ಬೇರೆ ಹಾಕ್ಸಿದೀರಾ! ನನ್ನ ಹೆರಿಗೇಲೂ ಇಷ್ಟು ನೋಡ್ಕೊಂಡಿರ್ಲಿಲ್ಲ ಅಕ್ಕ ನೀವು," ಎಂದಳು.

"ನೀನು ಇಷ್ಟು ಸುಮ್ನಿರ್ಲಿಲ್ಲ ಕಣೇ."

ರುಬ್ಬಿದ ಮಸಾಲೆ ಹಾಳಾಗಬಾರದೆಂದು ಅಂಗಡಿಯಿಂದ ಕೋಳಿ ತರಿಸಿದಳು. ನಮಗೂ ಒಂದು ಬಟ್ಟಲು ಸಾರು ಬಂತು. ರೋಗಿಗೆ ಬೆನ್ನು ಮಾಡಿ ಕೂತು ತಿಂದೆವು. ಚೆನ್ನಾಗಿತ್ತು.

ಸಂಜೆಯವರೆಗೂ ಹೇಂಟೆ ಬಚ್ಚಲುಮನೆಯ ಡಬ್ಬದಲ್ಲಿ ಕಣ್ಣು ಮುಚ್ಚಿಯೇ ಇತ್ತು. ಹನಿಹನಿಯಾಗಿ ನೀರು ಬಿಟ್ಟರೆ ಕೊಕ್ಕಿನ ಪಕ್ಕದಿಂದ ಸೋರುತ್ತಿತ್ತು. ಯಜಮಾನರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತವರು ಟಿವಿಯ ಕಡೆಗೂ ಹೋಗಲಿಲ್ಲ.

ಹೊತ್ತು ಮುಳುಗುವಾಗ ಡಬ್ಬದೊಳಗೆ ಸದ್ದಾಯಿತು. ಹೇಂಟೆ ಎದ್ದು ನಿಂತಿತ್ತು. ತೆಳು ರಾಗಿ ಗಂಜಿಯ ಚಮಚ ಹಿಡಿದೆ. ಮೊದಲು ನನ್ನ ಬೆರಳು ಕುಕ್ಕಿತು, ಆಮೇಲೆ ಗಂಜಿ. ಅಷ್ಟೂ ಒಳಗೆ ಹೋಯಿತು.

"ಕುಡೀತಾ?" ಎಂದರು ಯಜಮಾನರು.

"ಕುಡೀತು. ನೀವಿನ್ನು ಎದ್ದು ಮುಖ ತೊಳ್ಕೊಳ್ಳಿ."

ಚಮಚ ತೊಳೆದಿಟ್ಟೆ. ತಾರಸಿಗೆ ಹೋಗಿ ಉಳಿದ ಮೂರನ್ನೂ ಗೂಡಿಗೆ ಅಟ್ಟಿ, ಚಿಲಕ ಹಾಕಿದೆ.