ದಬದಬಿಯ ಕೆಳಗೆ ಎಣಿಸಿದ ದನಿ

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಂಬುವ ಮನುಷ್ಯ ನಾನಲ್ಲ. ನಂಬಿದ್ದರೆ ನನ್ನ ಕಸಬು ನಡೆಯುತ್ತಲೂ ಇರಲಿಲ್ಲ. ಶಿಗ್ಗಾಂವದ ಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮದುವೆಯ ಫೋಟೋ ವರ್ಷಕ್ಕೆ ನಾಲ್ಕು ತಿಂಗಳು, ಸತ್ತವರ ಫೋಟೋ ಹನ್ನೆರಡು ತಿಂಗಳೂ. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಫೋಟೋದವನಿಗೆ ಹೇಳಿ ಕಳಿಸುತ್ತಾರೆ. ಹುಲಗೂರಿನಿಂದ ಹಿರೇಬೆಂಡಿಗೇರಿಯವರೆಗೆ ಎಷ್ಟು ಹೆಣಗಳ ಎದುರು ಕರಿ ಬಟ್ಟೆಯೊಳಗೆ ತಲೆ ತೂರಿಸಿ ನಿಂತಿದ್ದೇನೋ ನನಗೇ ನೆನಪಿಲ್ಲ. ಒಂದೂ ಕಣ್ಣು ಮಿಟುಕಿಸಲಿಲ್ಲ. ಅದಕ್ಕೇ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು ಕೂತು, ಒಳಗೊಳಗೇ ನಗುತ್ತಿದ್ದವ ನಾನು. ಈಗ ನನ್ನ ಸರದಿ. ನಗುವವರು ನಗಬಹುದು.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಸೀಮೆಎಣ್ಣೆ, ಸಕ್ಕರೆ ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. ಫೋಟೋ ತೆಗೆಯುವ ಗಾಜಿನ ಪ್ಲೇಟುಗಳಂತೂ ಹುಬ್ಬಳ್ಳಿಯಲ್ಲೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅದೇ ವರ್ಷ ನಮ್ಮವ್ವನ ಕಣ್ಣು ಮಂಜಾಗತೊಡಗಿದವು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರರು ದೀಪ ಹಿಡಿದು ಬಹಳ ಹೊತ್ತು ನೋಡಿ, ಇದು ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ, ದೀಪಾವಳಿಯ ತನಕ ಕಂಡರೆ ದೊಡ್ಡದು ಎಂದರು. ಅವ್ವ ಅಳಲಿಲ್ಲ. ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತವಳು, ತಡಸ ದಾಟಿದ ಮೇಲೆ ಬಾಯಿ ಬಿಟ್ಟಳು.

"ಕಣ್ಣು ಹೋಗೂದರಾಗ ದಬದಬಿ ಒಂದ್ಸರ್ತಿ ನೋಡಬೇಕು ಅನಸ್ತೈತಿ ನೋಡಪ್ಪಾ."

ದಬದಬಿ ಎಂದರೆ ಅವ್ವನ ತವರಿನ ಕಡೆಯ ಒಂದು ಜಲಪಾತ. ಹಾನಗಲ್ಲದಿಂದ ಪಡುವಣಕ್ಕೆ ಹೋದರೆ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ಅವಳ ತವರೂರು. ಅಲ್ಲಿಂದ ಕಾಡಿನೊಳಗೆ ಅರ್ಧ ದಿನ ನಡೆದು, ಬೇರು ಹಿಡಿದು ಕೊಳ್ಳಕ್ಕೆ ಇಳಿದರೆ ಮಾತ್ರ ಅದು ಕಾಣುತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅವ್ವ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಅಣ್ಣನ ಬೆನ್ನು ಹತ್ತಿ ಅಲ್ಲಿಗೆ ಇಳಿದಿದ್ದಳಂತೆ. ಎಮ್ಮೆ ತುಂತುರಿನಲ್ಲಿ ಕಣ್ಣು ಮುಚ್ಚಿ ನಿಂತಿತ್ತಂತೆ. ಮದುವೆಯಾಗಿ ಶಿಗ್ಗಾಂವಕ್ಕೆ ಬಂದ ಮೇಲೆ ಮತ್ತೆ ನೋಡಿರಲಿಲ್ಲ. ಈಗ ಅವಳ ಮೊಣಕಾಲು ಮನೆಯ ಮೆಟ್ಟಿಲು ಇಳಿಯಲಿಕ್ಕೇ ತಕರಾರು ಮಾಡುತ್ತಿದ್ದವು. ಅವಳನ್ನು ಅಲ್ಲಿಗೆ ಒಯ್ಯುವುದು ಆಗದ ಮಾತು. ಜಲಪಾತವನ್ನೇ ಅವಳ ಹತ್ತಿರ ತರಬೇಕಾಗಿತ್ತು. ನನ್ನ ಹತ್ತಿರ ಎರಡೇ ಪ್ಲೇಟು ಉಳಿದಿದ್ದವು.

ಅಪ್ಪನಿಗೆ ಹೇಳಿದೆ. ಅಪ್ಪ ಕಾಳಿನ ಅಡತಿ ಅಂಗಡಿಯಲ್ಲಿ ಅಳತೆ ಮಾಡುವವರು. ನನ್ನ ಕಸಬು ಅವರಿಗೆ ಎಂದೂ ಕಸಬಾಗಿ ಕಂಡದ್ದೇ ಇಲ್ಲ.

"ನೀರು ಅಲ್ಲೇ ಬೀಳತೈತಿ, ಎಲ್ಲೂ ಓಡಿ ಹೋಗಂಗಿಲ್ಲ. ಅದರ ಫೋಟೋ ತಗದ್ರ ಯಾರ ಕಾಳಿನ ಹಗೇವು ತುಂಬತೈತಿ?" ಎಂದರು. ಅವ್ವನ ಆಸೆ ಎಂದೆ. "ಹಂಗಾರ ಹೋಗಿ ಬಾ" ಎಂದರು.

ಇಲ್ಲಿ ಅಪ್ಪನ ಎಣಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಕಾಳು ಅಳೆಯುವವರು ಮೊದಲ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ರಾಗವಾಗಿ ಹೇಳುತ್ತಾ ಹೋಗುತ್ತಾರೆ. ಚೀಲ ಹಿಡಿದವನು ಪ್ರತಿ ಎಣಿಕೆಯನ್ನೂ ತಿರುಗಿ ಹೇಳಬೇಕು. ಕಡೆಗೆ 'ಮುಗಿಯಿತು' ಅಂದರೆ ಅಪಶಕುನ, 'ಹೆಚ್ಚಾತು' ಅನ್ನಬೇಕು. ಅಳೆಯುವವನು ಹೆಚ್ಚಾತು ಅನ್ನುವ ತನಕ ಚೀಲದವನು ಬಾಯಿ ಮುಚ್ಚುವಂತಿಲ್ಲ. "ರಾಶಿ ಮುಂದ ಎಣಿಕಿ ತುಂಡು ಮಾಡಬಾರದು" ಎಂದು ಅಪ್ಪ ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿ ಕಲಿಸಿದ್ದರು. ಎಂಟರ ಹತ್ತಿರ ಬಂದಾಗ ಅವರ ದನಿ ಸ್ವಲ್ಪ ಎಳೆಯುತ್ತಿತ್ತು. ಹದಿನೆಂಟು, ಇಪ್ಪತ್ತೆಂಟು, ಎಲ್ಲ ಎಂಟೂ ಹಾಗೇ.

ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಆಗಿನ ಕ್ಯಾಮೆರಾಕ್ಕೆ ಲೆನ್ಸಿನ ಮುಚ್ಚಳ ಕೈಯಿಂದ ತೆಗೆದು, ಇಷ್ಟು ಎಣಿಸಿ, ತಿರುಗಿ ಮುಚ್ಚಬೇಕು. ನಾನು ಲಾಭ, ಎರಡು ಎಂದೇ ಎಣಿಸುತ್ತಿದ್ದೆ. "ಫೋಟೋ ತಗೀತಿಯೋ, ಜ್ವಾಳಾ ಅಳೀತಿಯೋ?" ಎಂದು ಮದುವೆಯ ಮನೆಗಳಲ್ಲಿ ಜನ ಆಡಿಕೊಂಡು ನಗುತ್ತಿದ್ದರು.

ಮಹಾನವಮಿ ಮುಗಿದ ಮೇಲೆ ಹೊರಟೆ. ಅವ್ವ ತಡಕಾಡುತ್ತಲೇ ರೊಟ್ಟಿ ಬಡಿದು, ಪುಂಡಿಪಲ್ಯ, ಶೇಂಗಾ ಚಟ್ನಿ ಜೊತೆ ತನ್ನ ಹಳೆಯ ಸೀರೆಯ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಹಾನಗಲ್ಲದ ತನಕ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಿದೆವು. ಮುಂದೆ ಚಕ್ಕಡಿ. ರಾತ್ರಿ ಸೋದರಮಾವನ ಮನೆಯಲ್ಲಿ ಉಳಿದು ಮುಂಜಾನೆ ಅವನ ಜೊತೆ ಕಾಡು ಹೊಕ್ಕೆ. ಅವ್ವನ ಜೊತೆ ಎಮ್ಮೆ ಹುಡುಕಿದವನೇ ಈ ಮಾವ. ಅವನಿಗೂ ವಯಸ್ಸಾಗಿತ್ತು. ಕೊಳ್ಳದ ಬಾಯಿಗೆ ಬಂದಾಗ ಒಂದು ಮರಕ್ಕೆ ಆನಿಕೊಂಡು ಕೂತುಬಿಟ್ಟ.

"ಇಲ್ಲಿಂದ ನನ್ನ ಕಾಲು ಕೇಳಂಗಿಲ್ಲ ತಮ್ಮಾ, ನೀ ಇಳಿ. ಕೆಳಗ ಯಾರರ ಕೂಗಿದ್ರ ಓ ಅನಬ್ಯಾಡ."

"ಯಾರು ಕೂಗತಾರ ಮಾವಾ, ಎಮ್ಮಿ?" ಎಂದು ನಕ್ಕು ಇಳಿದೆ.

ಇಳಿಯುವಾಗ ಒಮ್ಮೆ ಕಾಲು ಜಾರಿ ಬಂಡೆಗೆ ಬಡಿದೆ. ನನಗೆ ಏನೂ ಆಗಲಿಲ್ಲ, ಆದರೆ ಬೆನ್ನಿನ ಪೆಟ್ಟಿಗೆಯಲ್ಲಿ ಗಾಜು ಒಡೆದ ಸದ್ದು ಕೇಳಿತು. ಬೆಳಕು ತಾಗದಂತೆ ಕರಿ ಬಟ್ಟೆಯೊಳಗೆ ತೆರೆದು ಕೈಯಾಡಿಸಿದರೆ ಒಂದು ಪ್ಲೇಟು ಎರಡು ತುಂಡು. ಇನ್ನು ಉಳಿದದ್ದು ಒಂದೇ. ಅದೂ ಕೆಟ್ಟರೆ ದೀಪಾವಳಿಯೊಳಗೆ ಇನ್ನೊಂದು ಸಿಗುವುದಿಲ್ಲ, ಸಿಗುವ ಹೊತ್ತಿಗೆ ಅವ್ವನಿಗೆ ಕಣ್ಣಿರುವುದಿಲ್ಲ. ಆ ಬಂಡೆಯ ಮೇಲೆ ಕೂತು ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ.

ಕೆಳಗಿಳಿದಾಗ ಮಾತ್ರ ಬೈಗುಳವೆಲ್ಲ ಮರೆತುಹೋಯಿತು. ಮೂರು ಕಡೆ ಕರಿ ಬಂಡೆ, ನಡುವೆ ಎರಡು ತಾಳೆ ಮರದೆತ್ತರದಿಂದ ನೀರು. ಅವ್ವ ಹೇಳಿದ ಹಾಗೇ ನೀರು ಮೊದಲು ಒಂದು ಬಂಡೆಯ ಮೇಲೆ ಕೂತು, ಆಮೇಲೆ ಮತ್ತೆ ಎದ್ದು ಬೀಳುತ್ತಿತ್ತು. ನನಗೆ ಬಹಳ ಸಂತೋಷವಾಯಿತು. ಕಾಲು ಗಟ್ಟಿಯಾಗಿ ಊರುವ ಜಾಗ ನೋಡಿ ಕ್ಯಾಮೆರಾ ನಿಲ್ಲಿಸಿದೆ. ರೊಟ್ಟಿಯ ಗಂಟನ್ನು ಬೆನ್ನ ಹಿಂದಿನ ಹಾಸುಗಲ್ಲಿನ ಮೇಲೆ ಇಟ್ಟೆ. ಕೊಳ್ಳದಲ್ಲಿ ಬೆಳಕು ಕಡಿಮೆ. ಲೆನ್ಸಿನೊಳಗಿನ ಕಿಂಡಿಯನ್ನು ಹದಿನಾರರ ಗೀಟಿಗೆ ಇಟ್ಟು, ಹನ್ನೆರಡು ಎಣಿಸುವ ತನಕ ಮುಚ್ಚಳ ತೆಗೆದಿಟ್ಟರೆ ಸರಿ ಎಂದು ಲೆಕ್ಕ ಹಾಕಿದೆ. ಕಡಿಮೆ ಎಣಿಸಿದರೆ ಫೋಟೋ ಮಸಿಯಾಗುತ್ತದೆ, ಹೆಚ್ಚಾದರೆ ಸುಣ್ಣ ಬಳಿದ ಗೋಡೆಯಾಗುತ್ತದೆ. ತುಂತುರು ಲೆನ್ಸಿನ ಮೇಲೆ ಕೂತಿತ್ತು, ಧೋತರದ ಚುಂಗಿನಿಂದ ಒರೆಸಿದೆ. ಪ್ಲೇಟು ಹಾಕಿ, ಮುಚ್ಚಳ ತೆಗೆದು, ನೀರಿನ ಸದ್ದಿನಲ್ಲಿ ನನಗೇ ಕೇಳಲೆಂದು ಗಟ್ಟಿಯಾಗಿ ಎಣಿಸತೊಡಗಿದೆ.

ಲಾಭ. ಎರಡು. ಮೂರು. ಹೀಗೇ ಎಣಿಸುತ್ತ ಹೋಗಿ ಹನ್ನೆರಡು ಅಂದವನೇ ಮುಚ್ಚಳ ಹಾಕಲು ಕೈ ಎತ್ತಿದೆ. ಆಗ ನನ್ನ ಬಲಗಿವಿಯ ಹತ್ತಿರ, ಒಂದು ಮೊಳದ ಅಂತರದಲ್ಲಿ, "ಹದಿಮೂರು" ಎಂದು ಕೇಳಿತು.

ಅಪ್ಪನ ದನಿ. ಅನುಮಾನವೇ ಇಲ್ಲ. ನನ್ನ ಬಾಯಿ ನನ್ನನ್ನು ಕೇಳದೆ "ಹದಿಮೂರು" ಎಂದಿತು. ದನಿ "ಹದಿನಾಲ್ಕು" ಎಂದಿತು, ನಾನೂ ಎಂದೆ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಯಾರೋ ಹಿಡಿದಿದ್ದರು ಅನ್ನಲಾರೆ. ಚೀಲ ಹಿಡಿದವನು ಎಣಿಕೆಯ ನಡುವೆ ಕೈ ಬಿಡುವುದಿಲ್ಲವಲ್ಲ, ಅಷ್ಟೆ. ಹದಿನೆಂಟು ಬಂದಾಗ ದನಿ ಸ್ವಲ್ಪ ಎಳೆಯಿತು. ಪ್ಲೇಟು ಹಾಳಾಗುತ್ತಿದೆ, ಅವ್ವನ ದಬದಬಿ ಸುಣ್ಣದ ಗೋಡೆಯಾಗುತ್ತಿದೆ ಎಂದು ತಲೆ ಕೂಗಿಕೊಳ್ಳುತ್ತಿತ್ತು. ನಾಲಿಗೆ ಮಾತ್ರ ಹಿಂದಿನಿಂದ ಹೋಗುತ್ತಲೇ ಇತ್ತು. ಮೂವತ್ತು ದಾಟುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ನಲವತ್ತೆಂಟು. ಹೆಚ್ಚಾತು" ಎಂದಿತು ದನಿ. ನಾನು ಮುಚ್ಚಳ ಹಾಕಿದೆ.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹಾಸುಗಲ್ಲಿನ ಮೇಲೆ ರೊಟ್ಟಿಯ ಗಂಟೂ ಇರಲಿಲ್ಲ. ನೀರಿಗೆ ಜಾರಿ ಹೋಯಿತು ಎಂದುಕೊಂಡೆ, ಹುಡುಕುವ ಮನಸ್ಸೂ ಇರಲಿಲ್ಲ. ಬಂಡೆಯ ಮಾರ್ದನಿ ಇರಬಹುದೇ ಎಂದು ಒಂದು ಸಲ ಕೂಗಿ ನೋಡಿದೆ. ಮಾರ್ದನಿ ನಾನು ಅಂದದ್ದನ್ನು ಹಿಂದಿನಿಂದ ಹೇಳುತ್ತದೆ. ಈ ದನಿ ನನಗಿಂತ ಮೊದಲು ಹೇಳಿತ್ತು. ಮೇಲೆ ಹತ್ತಿ ಬಂದರೆ ಮಾವ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಏನೂ ಹೇಳಲಿಲ್ಲ.

ಮನೆಗೆ ಬಂದ ಕೂಡಲೆ ಅವ್ವ ಕೇಳಿದ್ದು ಫೋಟೋದ ಮಾತಲ್ಲ. "ರೊಟ್ಟಿ ತಿಂದೆಲ್ಲಾ?" ಎಂದಳು. ಅಷ್ಟು ಕಷ್ಟಪಟ್ಟು ಕಟ್ಟಿ ಕೊಟ್ಟವಳಿಗೆ ಹೋಯಿತು ಅನ್ನಲು ಬಾಯಿ ಬರಲಿಲ್ಲ. "ತಿಂದೆ" ಎಂದೆ. ಅರಿವೆ ಬಸ್ಸಿನಲ್ಲಿ ಮರೆತೆ ಎಂದೂ ಸೇರಿಸಿದೆ.

ಪ್ಲೇಟು ತೊಳೆಯುವ ಮೊದಲು ಕ್ಯಾಮೆರಾ ಒರೆಸಲು ತೆಗೆದೆ. ಲೆನ್ಸಿನ ಕಿಂಡಿ ಹದಿನಾರರಲ್ಲಿ ಇರಲಿಲ್ಲ, ಮೂವತ್ತೆರಡರಲ್ಲಿ ಇತ್ತು. ಧೋತರದಿಂದ ಒರೆಸುವಾಗ ತಿರುಗಿರಬೇಕು. ಮೂವತ್ತೆರಡೆಂದರೆ, ನಡುವಿನ ಇಪ್ಪತ್ತೆರಡನ್ನೂ ದಾಟಿ, ಎರಡು ಗೀಟು ಸಣ್ಣ ಕಿಂಡಿ. ಒಂದೊಂದು ಗೀಟಿಗೆ ಎರಡು ಪಟ್ಟು ಹೊತ್ತು ಬೇಕು. ಹನ್ನೆರಡಿದ್ದದ್ದು ನಲವತ್ತೆಂಟಾಗಬೇಕು. ಬೆರಳು ಮಡಿಚಿ ಇನ್ನೊಮ್ಮೆ ಲೆಕ್ಕ ಹಾಕಿದೆ, ನಲವತ್ತೆಂಟೇ. ಪ್ಲೇಟು ತೊಳೆದರೆ ಒಂದೊಂದು ಎಲೆ, ಒಂದೊಂದು ಬಂಡೆಯ ಬಿರುಕು ಮೂಡಿ ಬಂದಿತ್ತು. ಅಷ್ಟು ಒಳ್ಳೆಯ ಪ್ಲೇಟು ನಾನು ಅದಕ್ಕಿಂತ ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆಯಲಿಲ್ಲ.

ದೊಡ್ಡ ಕಾಗದದ ಮೇಲೆ ಅದನ್ನು ತೆಗೆದು, ಬಿಸಿಲು ಬೀಳುವ ಕಟ್ಟೆಯ ಮೇಲೆ ಅವ್ವನ ಕೈಗೆ ಕೊಟ್ಟೆ. ಮೂಗಿಗೆ ತಾಗುವ ಹಾಗೆ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಹಂಗs ಐತಿ. ಕುಂತು ಎದ್ದು ಬೀಳತೈತಿ" ಎಂದಳು. ಒಂದು ಜಾಗದ ಮೇಲೆ ಬೆರಳಿಟ್ಟು "ಎಮ್ಮಿ ನಿಂತಿದ್ದು ಇಲ್ಲಿ" ಎಂದಳು. ನನ್ನ ಜೀವ ತಣ್ಣಗಾಯಿತು.

ಆಗ ನಡೆದದ್ದನ್ನು ಹೇಳಿದೆ. ರೊಟ್ಟಿಯ ಮಾತೊಂದನ್ನು ಬಿಟ್ಟು. ಅವ್ವ ಆಶ್ಚರ್ಯಪಡಲೇ ಇಲ್ಲ. "ಅವತ್ತು ಮಧ್ಯಾಹ್ನ ನಿಮ್ಮಪ್ಪ ಉಂಡು ಅಡ್ಡಾಗಿದ್ರು. ನಿದ್ದ್ಯಾಗ ಎಣಸಾಕತ್ತಿದ್ರು. ಕಡೀಕ ಹೆಚ್ಚಾತು ಅಂದು ಮಗ್ಗಲಾದ್ರು."

"ಎಷ್ಟಕ್ಕ ನಿಲ್ಲಿಸಿದ್ರವ್ವಾ?"

"ನಾ ಏನು ಚೀಲಾ ಹಿಡದಿದ್ನೇನು? ಕೇಳಿಸಿಕೊಂಡಿಲ್ಲ."

ಅಪ್ಪನನ್ನು ಕೇಳಿದರೆ, "ಹುಟ್ಟಿದಾಗಿಂದ ಅಳದೇನಿ. ನಿದ್ದ್ಯಾಗ ಎಣಸದ, ಹಾಡು ಹಾಡಲೇನು?" ಎಂದು ತಲೆಗೆ ಪಟಗಾ ಸುತ್ತಿಕೊಂಡು ಅಂಗಡಿಗೆ ಹೋದರು. ಅದೂ ಸರಿಯೇ. ಕಿಂಡಿ ತಿರುಗಿದ್ದನ್ನು ನನ್ನ ಕಣ್ಣು ನೋಡಿ, ನನಗೆ ತಿಳಿಯದಂತೆ ಮನಸ್ಸೇ ಲೆಕ್ಕ ಹಾಕಿ, ಅಪ್ಪನ ದನಿಯಲ್ಲಿ ಹೇಳಿರಬಹುದು. ಮೂರು-ನಾಲ್ಕು ವರ್ಷ ನಾನು ಹಾಗೇ ಸಮಾಧಾನ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಅವ್ವನ ಕಣ್ಣು ಪೂರ್ತಿ ಹೋಗಿತ್ತು. ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕಿದ್ದೆ. ಅಪ್ಪ ಅಂಗಡಿ ಬಿಟ್ಟಿದ್ದರು. ನೀರಿನ ಫೋಟೋ ಯಾರ ಹಗೇವು ತುಂಬುತ್ತದೆ ಎಂದಿದ್ದ ಅದೇ ಅಪ್ಪ, ಮಧ್ಯಾಹ್ನ ಉಂಡ ಮೇಲೆ ಅದರ ಕೆಳಗೆ ಅವ್ವನ ಪಕ್ಕ ಕೂಡುತ್ತಿದ್ದರು. "ದಬದಬಿ ಹ್ಯಾಂಗೈತ್ರಿ ಇವತ್ತ?" ಎಂದು ಅವ್ವ ಕೇಳುವುದು, ಅಪ್ಪ ನೋಡಿ ನೋಡಿ ಹೇಳುವುದು. ಇದು ದಿನದ ಆಟವಾಗಿತ್ತು. ಕೇಳಲು ನನಗೂ ಹಿತವಾಗುತ್ತಿತ್ತು.

ಒಂದು ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಹೇಳುತ್ತಿದ್ದರು: "ಎಡಕ್ಕ ಕರಿ ಬಂಡಿಗಲ್ಲು. ನಡುವ ನೀರು. ಇವನ ಬೆನ್ನ ಹಿಂದ ಒಂದು ಹಾಸಗಲ್ಲು. ಅದರ ಮ್ಯಾಲೆ ನೀ ಕಟ್ಟಿದ ರೊಟ್ಟಿ ಗಂಟು. ಒಂದು ಮಂಗ್ಯಾ ಬಂದು ಅದನ್ನ ತಗೊಂಡು ಹೋತು. ಇವ ಎಣಸಾಕತ್ತಿದ್ದ, ಗೊತ್ತಾಗಲಿಲ್ಲ."

ಅವ್ವ ತಲೆ ಎತ್ತಿದಳು. ಕಣ್ಣು ಕಾಣದಿದ್ದರೂ ಸರಿಯಾಗಿ ನಾನು ನಿಂತ ಕಡೆಗೇ ತಿರುಗಿ, "ಮತ್ತ ನೀ ತಿಂದೇನಿ ಅಂತ ಹೇಳಿದ್ದಿ?" ಎಂದಳು.

ನಾನು ಹೊಸ್ತಿಲು ದಾಟಿ ಬಂದು, "ನಿಮಗ ಯಾರು ಹೇಳಿದ್ರಪ್ಪಾ?" ಎಂದು ಕೇಳಿದೆ.

"ಯಾರು ಹೇಳಬೇಕು? ಫೋಟೋದಾಗ ಐತಲ್ಲ" ಎಂದರು ಅಪ್ಪ, ಏನೂ ಆಗದವರ ಹಾಗೆ.

ಫೋಟೋ ತೆಗೆಯುವವನ ಬೆನ್ನು ಯಾವ ಫೋಟೋದಲ್ಲಿ ಬರುತ್ತದೆ? ಆದರೂ ಹೋಗಿ ನೋಡಿದೆ. ಬಂಡೆ, ನೀರು, ಎಲೆ, ಅಷ್ಟೇ. ಗಂಟು ಹೋದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಯ್ದದ್ದು ಮಂಗ ಎಂದು ನನಗೇ ಗೊತ್ತಿರಲಿಲ್ಲ. ಅಪ್ಪ ಸುಮ್ಮನೆ ಅವ್ವನನ್ನು ನಗಿಸಲು ಕಟ್ಟಿದ ಮಾತು ಎನ್ನೋಣವೆಂದರೆ, ಹಾಸುಗಲ್ಲು ಹೇಗೆ ಬಂತು? ಇಷ್ಟು ವರ್ಷವಾದರೂ ನನಗೆ ಉತ್ತರ ಸಿಕ್ಕಿಲ್ಲ. ಅವರಿಬ್ಬರೂ ಈಗಿಲ್ಲ, ಇನ್ನು ಸಿಗುವುದೂ ಇಲ್ಲ.

ಅವತ್ತು ಅವ್ವನಿಗೆ ಇದ್ಯಾವುದೂ ದೊಡ್ಡದಲ್ಲ. "ಅಷ್ಟು ದೂರ ಹೋಗಿ ಉಪವಾಸ ಇದ್ದೇನು?" ಎಂದು ಅದೊಂದನ್ನೇ ಹಿಡಿದಳು. ಉಂಡಿದ್ದೇನೆ ಎಂದರೂ ಕೇಳದೆ ನನ್ನನ್ನು ಎದುರಿಗೆ ಕೂಡಿಸಿ, ಒಳಗಿನಿಂದ ಬುಟ್ಟಿ ತರಿಸಿ, ತಾಟನ್ನು ಕೈಯಿಂದ ತಡವಿ ನೋಡಿ ಒಂದು ರೊಟ್ಟಿ ಹಾಕಿದಳು.

"ಲಾಭ" ಎಂದರು ಅಪ್ಪ, ಅವತ್ತು ಕೊಳ್ಳದಲ್ಲಿ ಕೇಳಿದ ಹಾಗೆಯೇ, ನನ್ನ ಬಲಗಿವಿಯ ಹತ್ತಿರ.

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.