ಆಪರೇಷನ್ನಿಗೆ ಮುಂಚಿನ ನಗೆಮಾತು

ಧಾರಾವಾಹಿಗೆಂದು ನಾನು ಬರೆದ ಆಸ್ಪತ್ರೆಯ ದೃಶ್ಯವನ್ನು ಮುಂಬಯಿಯ ಅಂಧೇರಿಯಲ್ಲಿದ್ದ ಆಫೀಸಿನಲ್ಲಿ ಓದಿ, ನಮ್ಮ ಹಿರಿಯ ಲೇಖಕರು ಹಾಳೆ ಕೆಳಗಿಟ್ಟರು. ಅವರು ಮಂಗಳೂರು ಕಡೆಯವರು.

“ಇದರಲ್ಲಿ ಎಲ್ಲರೂ ಅಳ್ತಾರೆ ಮಾರಾಯ್ತಿ. ನೋಡುವವರಿಗೆ ಅಳ್ಲಿಕ್ಕೆ ಜಾಗವೇ ಇಲ್ಲ. ಸ್ವಲ್ಪ ಕಾಮಿಡಿ ಹಾಕು.”

ತಮಾಷೆ ಮಾಡುವ ಪಕ್ಕದ ಮನೆಯವನೊಬ್ಬನನ್ನು ತಂದು ಸೇರಿಸಿದೆ. ಆಫೀಸಿನಲ್ಲಿ ಓದಿದಾಗ ಯಾರೂ ನಗಲಿಲ್ಲ. ಇದ್ದ ದುಃಖವೂ ಹಾಳಾಗಿತ್ತು.

ಅದೇ ವಾರ ಮಲಾಡಿನ ಆಸ್ಪತ್ರೆಯೊಂದರಲ್ಲಿ ಅವ್ವನಿಗೆ ಹೃದಯದ ಆಪರೇಷನ್ ಇತ್ತು. ಒಳಗೆ ಒಯ್ಯುವ ಮುಂಚೆ ನರ್ಸ್ ಅವಳ ಹಲ್ಲಿನ ಸೆಟ್ ತೆಗೆಸಿ, ಡಬ್ಬಿಯಲ್ಲಿಟ್ಟು ಅಪ್ಪನಿಗೆ ಕೊಟ್ಟಳು. ಸ್ಟ್ರೆಚರ್ ಮೇಲೆ ಮಲಗಿದ್ದ ಅವ್ವ ಬೊಚ್ಚು ಬಾಯಲ್ಲೇ ನನ್ನನ್ನು ಕರೆದಳು.

“ಅದನ್ನ ನಿಮ್ಮಪ್ಪನ ಕೈಯಾಗ ಬಿಡಬ್ಯಾಡವಾ. ತಮ್ಮದಂತ ತಿಳಕೊಂಡು ಹಾಕ್ಕೊಂಡು ಕುಂತಾರು.”

“ನೀ ಜಲ್ದಿ ಬಾ. ಇಲ್ಲಾಂದ್ರ ಖರೇನ ಹಾಕ್ಕೋತೀನಿ,” ಎಂದರು ಅಪ್ಪ.

ಮೂವರೂ ನಕ್ಕೆವು. ಬಾಗಿಲು ಮುಚ್ಚಿದ ಮೇಲೆ ಅಪ್ಪ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು.

ಅವ್ವ ಚೇತರಿಸಿಕೊಳ್ಳುತ್ತಿದ್ದಾಗ ವಾರ್ಡಿನ ಹೊರಗೆ ಕೂತು ದೃಶ್ಯವನ್ನು ಮತ್ತೆ ಬರೆದೆ. ಪಕ್ಕದ ಮನೆಯವನನ್ನು ತೆಗೆದುಹಾಕಿ, ಎಲ್ಲರಿಗಿಂತ ಹೆಚ್ಚು ಹೆದರಿದ್ದ ರೋಗಿ ಹೆಂಗಸಿನ ಬಾಯಿಗೇ ನಗೆಮಾತು ಕೊಟ್ಟೆ. ಹಿರಿಯರು ಓದುತ್ತ ಜೋರಾಗಿ ನಕ್ಕರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇನ್ನು ಒಂದಕ್ಷರ ಮುಟ್ಟಬೇಡ,” ಎಂದರು.

ಮನೆಗೆ ಬಂದ ಅವ್ವನಿಗೂ ಓದಿ ಹೇಳಿದೆ. ಅವಳು ನಕ್ಕಳು.

“ಅವತ್ತ ನಾ ಭಾಳ ಹೆದರಿದ್ದೆ ನೋಡವಾ,” ಎಂದಳು ಮೆಲ್ಲಗೆ. ಆಮೇಲೆ ಕೇಳಿದಳು: “ಮುಂದಿನ ಸೀನ್‌ನಾಗ ಆಕಿ ಮನಿಗೆ ಬರ್ತಾಳೋ ಇಲ್ಲೋ?”

“ಬರ್ತಾಳವ್ವ,” ಎಂದೆ.